ವಯಸ್ಸಾದವರ ಖಿನ್ನತೆಗೆ ಡಿಎಚ್‌ಇಎ ಮಾತ್ರೆ ಕೊಡಬಹುದಾ?

ನಿಮ್ಮ ತಂದೆಗೆ 72 ವರ್ಷ, ಪೇಪರ್ ಮಡಿಸಿದ ಹಾಗೇ ಬಿದ್ದಿರುತ್ತದೆ, ಕಾಫಿ ಅರ್ಧ ಲೋಟಕ್ಕೇ ಸಾಕು ಅನ್ನುತ್ತಾರೆ, ಅಮೆರಿಕದಲ್ಲಿರುವ ಅಣ್ಣ ಡಿಎಚ್‌ಇಎ ಕಳಿಸಲು ಹೊರಟಿದ್ದಾರೆ ಎಂದಿದ್ದೀರಿ. ಸದ್ಯಕ್ಕೆ ಬೇಡ ಅನ್ನಿ.

ಡಿಎಚ್‌ಇಎ ಮೂತ್ರಪಿಂಡದ ಮೇಲಿರುವ ನಮ್ಮ ಅಡ್ರಿನಲ್ ಗ್ರಂಥಿಯಲ್ಲೇ ಹುಟ್ಟುವ ಹಾರ್ಮೋನು. ಇಪ್ಪತ್ತರ ಆಸುಪಾಸಿನಲ್ಲಿ ಜಾಸ್ತಿ ಇದ್ದು, ಆಮೇಲೆ ಇಳಿಯುತ್ತಾ ಹೋಗುತ್ತದೆ. ಇಳಿದಿದ್ದನ್ನು ತುಂಬಿಸಿದರೆ ಮನಸ್ಸೂ ಚಿಗುರುತ್ತೆ ಅನ್ನೋದು ಲೆಕ್ಕಾಚಾರ. 2005ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಗುಣವೂ ಕಂಡಿತ್ತು. ಆದರೆ ಅದರಲ್ಲಿದ್ದವರು ಬರೀ 46 ಜನ, ವಯಸ್ಸು 45ರಿಂದ 65, ಮಾತ್ರೆ ನುಂಗಿದ್ದು ಆರು ವಾರ. ನಿಮ್ಮ ತಂದೆಯಂಥವರು ಅದರಲ್ಲಿ ಇರಲೇ ಇಲ್ಲ, ಅಲ್ವಾ?

ಇನ್ನೊಂದು ತೊಡಕು: ದೇಹ ಇದನ್ನು ಟೆಸ್ಟೋಸ್ಟೆರಾನ್, ಈಸ್ಟ್ರೋಜೆನ್ ಆಗಿ ಬದಲಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು. ಅಮೆರಿಕದಲ್ಲಿ ಇದು ಔಷಧಿಯಲ್ಲ, ಆಹಾರ ಪೂರಕವೆಂದು ಮಾರಾಟವಾಗುವ ಸರಕು. ಡಬ್ಬಿ ಮೇಲೆ ಬರೆದಷ್ಟೇ ಒಳಗಿರುತ್ತದೆ ಅಂತ ನಂಬಿ ಕೂರುವಂತಿಲ್ಲ.

ಮೊದಲು ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ನಿಜಕ್ಕೂ ಕುಸಿದಿದ್ದರೆ ಅದರ ಮಾತ್ರೆಯಿಂದಲೇ ಮಂಕು ಕಳೆಯಬಹುದು. ಟಿಎಸ್‌ಎಚ್ (ಥೈರಾಯ್ಡ್ ಕುಂದಿದಾಗ ರಕ್ತದಲ್ಲಿ ಏರುವ ಹಾರ್ಮೋನು) ಸ್ವಲ್ಪ ಏರಿದ್ದಕ್ಕೆಲ್ಲ ಸುಮ್ನೆ ಮಾತ್ರೆ ಬೇಡ. 65 ದಾಟಿದ 737 ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರ ಸುಸ್ತೇನೂ ಕಡಿಮೆ ಆಗಲಿಲ್ಲ.

ಖಿನ್ನತೆಯೇ ಎಂದಾದರೆ ಮನೋವೈದ್ಯರು ಕೊಡುವ ಮಾತ್ರೆ, ಮಾತುಕತೆಯ ಚಿಕಿತ್ಸೆ ಎರಡೂ ಈ ವಯಸ್ಸಿನಲ್ಲೂ ಕೆಲಸ ಮಾಡುತ್ತವೆ. ಬದುಕಿ ಏನು ಪ್ರಯೋಜನ ಅಂತ ಅವರ ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ.