ಮಳೆಗಾಲದಲ್ಲಿ ಬೆಳಗಿನ ಶೋಗೆ ಮಾತ್ರ ಜೆನಾನ್ ಲ್ಯಾಂಪ್ ಸ್ಟ್ರೈಕ್ ಆಗುತ್ತಿಲ್ಲ, ಲ್ಯಾಂಪ್ ಬದಲಾಯಿಸಬೇಕೇ?

ಗೋವಾದ ವಾಸ್ಕೋದಿಂದ ಕೇಳಿದ್ದೀರಿ. ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಟರ್, 3 ಕಿಲೋವಾಟ್ ಲ್ಯಾಂಪ್, 600 ಗಂಟೆ ಓಡಿದೆ. ಮಳೆ ಹಿಡಿದಾಗಿನಿಂದ ಮೊದಲ ಶೋಗೆ ಐದಾರು ಸಲ ಹೊಡೆಸಿದ ಮೇಲೆ ಹೊತ್ತಿಕೊಳ್ಳುತ್ತದೆ, ಮ್ಯಾಟಿನಿಯಿಂದ ಮುಂದೆ ತಕರಾರಿಲ್ಲ. ಸಪ್ಲೈಯರ್ ಲ್ಯಾಂಪ್ ಹೋಗಿದೆ ಅನ್ನುತ್ತಿದ್ದಾರೆ.

ಹೊಸ ಲ್ಯಾಂಪಿಗೆ ಇವತ್ತೇ ದುಡ್ಡು ಕಟ್ಟಬೇಡಿ. ಸವೆದ ಲ್ಯಾಂಪಿಗೆ ಬೆಳಿಗ್ಗೆ, ಸಂಜೆ ಅನ್ನುವ ಭೇದ ಇರುವುದಿಲ್ಲ. ರಾತ್ರಿಯಿಡೀ ಮುಚ್ಚಿದ್ದ ಬೂತಿನಲ್ಲಿ ಮಾತ್ರ ಕೈಕೊಡುತ್ತದೆ ಅಂದರೆ ನನ್ನ ಅನುಮಾನ ತೇವದ ಮೇಲೆ. ಲ್ಯಾಂಪ್ ಹೊತ್ತಿಸುವ ಇಗ್ನೈಟರ್ ಕೊಡುವ ಪಲ್ಸ್ 20ರಿಂದ 40 ಸಾವಿರ ವೋಲ್ಟಿನದು. ಅದಕ್ಕೆ ಎಲೆಕ್ಟ್ರೋಡುಗಳ ನಡುವಿನ ಸಂದಿಗಿಂತ ಸುಲಭದ ದಾರಿ ಸಿಕ್ಕರೆ ಅಲ್ಲೇ ಇಳಿದುಹೋಗುತ್ತದೆ. ಇನ್ಸುಲೇಟರ್ ಮೇಲೆ ಕೂತ ಧೂಳು, ಕಡಲ ಗಾಳಿಯ ಉಪ್ಪು, ಮೇಲೆ ಇಷ್ಟು ನೀರಿನ ಪಸೆ, ಅಷ್ಟೇ ಸಾಕು ಆ ದಾರಿಗೆ. ಶೋ ಓಡಿದ ಮೇಲೆ ಬಿಸಿಗೆ ಎಲ್ಲ ಒಣಗುತ್ತದೆ, ಲ್ಯಾಂಪ್ ಸಾಧು ಆಗುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ನಾಳೆ ಸ್ಟ್ರೈಕ್ ಕೊಡುವ ಅರ್ಧ ಗಂಟೆ ಮೊದಲೇ ಬೂತಿನ ಎಸಿ ಹಾಕಿ, ಲ್ಯಾಂಪ್ ಹೌಸ್ ಬ್ಲೋವರ್ ಮತ್ತು ಎಕ್ಸಾಸ್ಟ್ ಓಡಲು ಬಿಡಿ. ಮೊದಲ ಏಟಿಗೇ ಹೊತ್ತಿಕೊಂಡರೆ ಕಳ್ಳ ಸಿಕ್ಕ ಹಾಗೆಯೇ. ಶಬ್ದವನ್ನೂ ಗಮನಿಸಿ: ಒಳ್ಳೆಯ ಪಲ್ಸ್ ಚುರುಕಾಗಿ 'ಚಟ್' ಅನ್ನುತ್ತದೆ, ಸೋರುವ ಪಲ್ಸ್ 'ಚರ್ರ್' ಎಂದು ಎಳೆಯುತ್ತದೆ, ಓಝೋನಿನ ಘಾಟೂ ಬರಬಹುದು. ಕಿಡಿ ಕಾಣಲಿ ಅಂತ ಡೋರ್ ಇಂಟರ್‌ಲಾಕ್ (ಬಾಗಿಲು ತೆರೆದರೆ ಸಪ್ಲೈ ಕಡಿಯುವ ಸ್ವಿಚ್) ಒತ್ತಿಟ್ಟು ಒಳಗೆ ಇಣುಕುವವರಿದ್ದಾರೆ, ದಯವಿಟ್ಟು ಆ ಸಾಹಸ ಬೇಡ. ತಣ್ಣಗಿದ್ದಾಗಲೂ ಲ್ಯಾಂಪಿನ ಗಾಜಿನೊಳಗೆ ವಾತಾವರಣದ ಹಲವು ಪಟ್ಟು ಒತ್ತಡ ಇರುತ್ತದೆ, ಅದು ಸಿಡಿಯಬಹುದು.

ಶುಚಿ ಮಾಡಲು ಹೌಸ್ ತೆರೆಯುವಾಗ: ಲ್ಯಾಂಪ್ ಆರಿಸಿ, ಬ್ಲೋವರ್ 15–20 ನಿಮಿಷ ಓಡಲಿ, ಆಮೇಲೆ ಎಂಸಿಬಿ ಇಳಿಸಿ ಇನ್ನೂ 5 ನಿಮಿಷ ಕಾಯಿರಿ, ಕೆಪಾಸಿಟರ್ ಖಾಲಿಯಾಗಬೇಕು. ಮುಖಕ್ಕೆ ಶೀಲ್ಡ್, ಕೈಗೆ ದಪ್ಪ ಗ್ಲೌಸ್, ಮೈಗೆ ಜಾಕೆಟ್. ಲ್ಯಾಂಪ್ ಹೊರತೆಗೆದರೆ ನೇರ ಅದರ ಸೇಫ್ಟಿ ಕವರಿಗೆ. ಇಗ್ನೈಟರ್‌ನಿಂದ ಲ್ಯಾಂಪಿಗೆ ಹೋಗುವ ಹೈ ವೋಲ್ಟೇಜ್ ಕೇಬಲ್, ಅದರ ಇನ್ಸುಲೇಟರ್, ಹೋಲ್ಡರ್ ಬುಡ, ಎಲ್ಲವನ್ನೂ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಆರಲಿ. ಟಾರ್ಚ್ ಓರೆಯಾಗಿ ಹಿಡಿದರೆ ಬೇರಿನಂತೆ ಕವಲೊಡೆದ ಕಪ್ಪು ಗೆರೆ ಕಾಣಬಹುದು. ಅದು ಇಂಗಾಲದ ಜಾಡು. ಕೆರೆದು ಪ್ರಯೋಜನವಿಲ್ಲ, ಆ ಇನ್ಸುಲೇಟರ್ ಬದಲಾಯಿಸಬೇಕು. ಕೇಬಲ್ ಎಲ್ಲಾದರೂ ತಗಡಿಗೆ ತಾಗಿದ್ದರೆ ದೂರ ಸರಿಸಿ, ಲೋಹದ ಕ್ಲಾಂಪ್ ಹಾಕಬೇಡಿ. ಲ್ಯಾಂಪ್ ತುದಿಗೆ ಕೇಬಲ್ ಕೂಡಿಸುವ ಲಗ್ಗು ನೀಲಿಯೋ ಕಪ್ಪೋ ತಿರುಗಿದ್ದರೆ ಅಲ್ಲಿ ಸಡಿಲವಿದೆ. 3 ಕಿಲೋವಾಟಿಗೆ ಸುಮಾರು 100 ಆಂಪಿಯರ್ ಹರಿಯುವ ಜಾಗ ಅದು. ಬಿಗಿ ಮಾಡುವಾಗ ಲೋಹದ ತುದಿಯನ್ನೇ ಹಿಡಿಯಿರಿ, ಗಾಜಿಗೆ ತಿರುಚು ಬೀಳಬಾರದು.

ಎಕ್ಸಾಸ್ಟ್ ಡಕ್ಟಿನ ಹೊರಬಾಯಿಯನ್ನೂ ನೋಡಿ ಬನ್ನಿ. ಅದಕ್ಕೆ ಮುಚ್ಚಿಕೊಳ್ಳುವ ಫ್ಲಾಪ್ ಇಲ್ಲದಿದ್ದರೆ ರಾತ್ರಿ ಮಳೆಗಾಳಿ ಅದೇ ದಾರಿಯಲ್ಲಿ ನೇರ ಲ್ಯಾಂಪ್ ಹೌಸಿಗೆ ಇಳಿಯುತ್ತದೆ. ನಿಮ್ಮ ಊರಿನಲ್ಲಿ ಇದೇ ಮೂಲ ರೋಗವಾಗಿದ್ದರೆ ಆಶ್ಚರ್ಯವಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಲಕ್ಷಣ ನೋಡಿ ಮುಂದುವರಿಯಿರಿ. ಶಬ್ದವೇ ಇಲ್ಲವೆಂದರೆ ಇಗ್ನೈಟರಿಗೆ ಸಪ್ಲೈ ಹೋಗುತ್ತಿಲ್ಲ: ಡೋರ್ ಸ್ವಿಚ್, ಗಾಳಿ ಸೆನ್ಸರ್, ಫ್ಯೂಸ್, ಕೊನೆಗೆ ಇಗ್ನೈಟರಿನ ಸ್ಪಾರ್ಕ್ ಗ್ಯಾಪ್. ಬೆಳಕು ಒಮ್ಮೆ ಮಿಂಚಿ ಆರುತ್ತದೆ ಅಂದರೆ ಇಗ್ನೈಟರ್ ತನ್ನ ಕೆಲಸ ಮಾಡಿದೆ, ಪವರ್ ಸಪ್ಲೈ ಆರ್ಕನ್ನು, ಅಂದರೆ ಎಲೆಕ್ಟ್ರೋಡುಗಳ ನಡುವೆ ಉರಿಯುವ ಬೆಳಕನ್ನು, ಹಿಡಿದಿಡುತ್ತಿಲ್ಲ. ಆಗ ಮೂರೂ ಫೇಸ್ ಬರುತ್ತಿವೆಯೇ ನೋಡಿ. ಒಂದು ಹೋದರೆ ಡಿಸಿಯಲ್ಲಿ ಅಲೆ ಹೆಚ್ಚಿ ಆರ್ಕ್ ನಿಲ್ಲುವುದಿಲ್ಲ. ಸ್ಟ್ರೈಕ್ ಹೊತ್ತಿನಲ್ಲಿ ರೆಕ್ಟಿಫೈಯರ್, ಅಂದರೆ ಡಿಸಿ ಕೊಡುವ ಆ ಪವರ್ ಸಪ್ಲೈ, ಲೋಡಿಲ್ಲದೆ ಸಾಮಾನ್ಯವಾಗಿ 100 ವೋಲ್ಟಿಗಿಂತ ಮೇಲೆ ಕೊಡಬೇಕು, ಹೊತ್ತಿಕೊಂಡ ಮೇಲೆ 30ರ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಅಳೆಯಲು ಇಗ್ನೈಟರಿನ ಟ್ರಿಗರ್ ವೈರ್ ತೆಗೆದಿರಲೇಬೇಕು, ಇಲ್ಲದಿದ್ದರೆ ಮೊದಲ ಪಲ್ಸಿಗೇ ಮಲ್ಟಿಮೀಟರ್ ಸುಟ್ಟುಹೋಗುತ್ತದೆ. ಆ 100 ವೋಲ್ಟ್ ಡಿಸಿಯೂ ಜೀವ ತೆಗೆಯಬಲ್ಲದು, ಈ ಕೆಲಸ ಸರ್ವಿಸ್ ಎಂಜಿನಿಯರಿಗೇ ಬಿಟ್ಟರೆ ಒಳ್ಳೆಯದು.

ಲ್ಯಾಂಪೇ ಹೋಗಿದೆ ಅನ್ನಲು ಕಣ್ಣಿಗೆ ಸಾಕ್ಷಿ ಬೇಕು: ಗಾಜು ಒಳಗಿನಿಂದ ಕಪ್ಪಾಗಿರಬೇಕು, ಕ್ಯಾಥೋಡಿನ (ಮೈನಸ್ ಎಲೆಕ್ಟ್ರೋಡಿನ) ಚೂಪು ಮೊಂಡಾಗಿರಬೇಕು, ಜೊತೆಗೆ ಸಂಜೆಯೂ ಸತಾಯಿಸಬೇಕು. ಆಗ ಹಾಕುವ ಹೊಸದರಲ್ಲಿ ದಪ್ಪ ಎಲೆಕ್ಟ್ರೋಡ್ ಇರುವ ತುದಿ ಪ್ಲಸ್ಸಿಗೆ. ತಿರುವುಮುರುವಾದರೆ ಕೆಲವೇ ಸೆಕೆಂಡಿನಲ್ಲಿ ಲ್ಯಾಂಪ್ ಹಾಳು.

ಅಲ್ಲಿಯವರೆಗೆ ಮೂರು ಸಲಕ್ಕಿಂತ ಹೆಚ್ಚು ಒಂದೇ ಸಮನೆ ಹೊಡೆಸಬೇಡಿ. ಪ್ರತಿ ಸ್ಟ್ರೈಕೂ ಎಲೆಕ್ಟ್ರೋಡನ್ನು ಒಂದಿಷ್ಟು ತಿನ್ನುತ್ತದೆ. ಹೈ ವೋಲ್ಟೇಜ್ ಕೇಬಲ್ ಗೋವಾದಲ್ಲಿ ಸಿಗದಿದ್ದರೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ. ಸಿಲಿಕೋನ್ ಹೊದಿಕೆಯದು, 40 ಸಾವಿರ ವೋಲ್ಟ್ ತಡೆಯುವಂಥದ್ದು ಅಂತ ಹೇಳಿ ಕೇಳಿ, ಬರೀ ದಪ್ಪ ನೋಡಿ ತರಬೇಡಿ.