ಮಂಗಳೂರಿನಲ್ಲಿ ಮೊದಲ ಸಲ ಬಾಡಿಗೆ ಫ್ಲಾಟ್ ಹಿಡಿಯುವಾಗ ಏನು ನೋಡಬೇಕು?

ಓದು ಮುಗಿಯಿತು, ಮಂಗಳೂರಿನಲ್ಲೇ ಕೆಲಸ ಸಿಕ್ಕಿದೆ, ಮೇ ಕೊನೆಗೆ ಹಾಸ್ಟೆಲ್ ಬಿಟ್ಟು ಒಂದು ಸಣ್ಣ ಫ್ಲಾಟ್‌ಗೆ ಹೋಗಬೇಕು, ಏನು ನೋಡಬೇಕು ಅಂತ ಕೇಳಿದ್ದೀರಿ. ನಾನೂ 2023ರ ಮೇ ತಿಂಗಳಲ್ಲಿ ಹೀಗೇ ಹಾಸ್ಟೆಲ್ ಬಿಟ್ಟು ಬಂದವಳು. ನನ್ನ ಊರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಅಲ್ಲಿ ಮಳೆ ಕಡಿಮೆ. ಎರಡು ವರ್ಷ ಇಲ್ಲಿ ಓದುವಾಗ ಮಳೆ ನೋಡಿದ್ದೆ. ಆದರೆ ಮಳೆಗಾಲದಲ್ಲಿ ಮನೆ ನಡೆಸಿರಲಿಲ್ಲ. ಎರಡೂ ಬೇರೆ ಬೇರೆ.

ಅದಕ್ಕೇ ಹೇಳ್ತೇನೆ, ಮೊದಲು ನೀರಿನ ವಿಷಯ ವಿಚಾರಿಸಿ. ಮೇ ತಿಂಗಳಲ್ಲಿ ನಲ್ಲಿಗೆ ನೀರು ಬರುತ್ತದಾ, ಜುಲೈಯಲ್ಲಿ ಗೋಡೆಗೆ ನೀರು ಇಳಿಯುತ್ತದಾ. ಬಾಡಿಗೆ, ಟೈಲ್ಸ್, ಬಾಲ್ಕನಿ ಎಲ್ಲ ಆಮೇಲೆ.

ಮಂಗಳೂರಿಗೆ ಕುಡಿಯುವ ನೀರು ಬರುವುದು ತುಂಬೆಯಿಂದ, ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. ಏಪ್ರಿಲ್, ಮೇ ಹೊತ್ತಿಗೆ ಅಲ್ಲಿ ನೀರು ಇಳಿಯುತ್ತದೆ. 2019ರಲ್ಲೂ 2023ರಲ್ಲೂ ನಗರದಲ್ಲಿ ನೀರಿನ ರೇಷನಿಂಗ್ ಆಗಿತ್ತು. ನಾನು ಮನೆಗೆ ಬಂದದ್ದು ಸರಿಯಾಗಿ ಆ ದಿನಗಳಲ್ಲಿ. ನಮ್ಮ ಕಟ್ಟಡದಲ್ಲಿ ಬಾವಿ ಇದ್ದದ್ದರಿಂದ ಬಚಾವಾದೆವು. ಎದುರಿನ ಕಟ್ಟಡದವರು ಟ್ಯಾಂಕರ್‌ಗೆ ಕಾಯುತ್ತಿದ್ದರು. ಹಾಗಾಗಿ ಬಾವಿ ಅಥವಾ ಬೋರ್‌ವೆಲ್ ಇದೆಯಾ, ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರಾ, ಅದರ ದುಡ್ಡು ಯಾರು ಕೊಟ್ಟರು ಅಂತ ಕೇಳಿ. ಓನರ್ ಹತ್ತಿರ ಮಾತ್ರ ಕೇಳಿದರೆ ಸಾಲದು, ವಾಚ್‌ಮನ್ ಹತ್ತಿರ ಕೇಳಿ. ಸಮುದ್ರದ ಹತ್ತಿರದ ಮನೆಯಾದರೆ ಬಾವಿ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ ನೋಡಿ. ಉಪ್ಪು ಇದ್ದರೆ ಗೊತ್ತಾಗುತ್ತದೆ.

ಇನ್ನು ಗೋಡೆ. ಇದು ನನಗೆ ನೋವಾದ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಮೇ ತಿಂಗಳಲ್ಲಿ ಎಲ್ಲ ಗೋಡೆಯೂ ಒಣಗಿ ಚಂದ ಕಾಣುತ್ತದೆ. ನನ್ನ ಬೆಡ್‌ರೂಮಿನ ಒಂದು ಗೋಡೆ ಪಶ್ಚಿಮಕ್ಕಿತ್ತು. ಇಲ್ಲಿ ಮಳೆ ಸಮುದ್ರದ ಕಡೆಯಿಂದ ಗಾಳಿಯ ಜೊತೆ ಓರೆಯಾಗಿ ಬಂದು ಹೊಡೆಯುತ್ತದೆ. ಜುಲೈ ಹೊತ್ತಿಗೆ ಆ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು. ಕಪಾಟು ಇದ್ದದ್ದೂ ಅದೇ ಗೋಡೆಗೆ. ಅದರೊಳಗೆ ನನ್ನ ಮಾರ್ಕ್ಸ್ ಕಾರ್ಡ್‌ಗಳ ಫೈಲ್ ಇಟ್ಟಿದ್ದೆ. ಆಗಸ್ಟ್‌ನಲ್ಲಿ ಆಫೀಸಿಗೆ ಬೇಕು ಅಂತ ತೆಗೆದರೆ ಅಂಚಿನುದ್ದಕ್ಕೂ ಬೂಷ್ಟು. ಪಿಯುಸಿ ಕಾರ್ಡಿನ ಮೇಲೆ ಆ ಕಲೆ ಇವತ್ತಿಗೂ ಇದೆ. ಆವತ್ತು ಕೂತು ಅತ್ತಿದ್ದೆ.

ಆಮೇಲೆ ಕೆಳಗಿನ ಮನೆ ಆಂಟಿ ಹೇಳಿದರು, "ಮಾರಾಯ್ತಿ, ಒಂದೇ ಗೋಡೆಗೆ ಹೊಸ ಪೇಂಟ್ ಕಂಡ್ರೆ ಆಗ್ಲೇ ಕೇಳ್ಬೇಕು, ಇದು ಮಳೆಗೆ ಚಂಡಿ ಆಗ್ತದಾ ಅಂತ." ಚಂಡಿ ಅಂದರೆ ಇಲ್ಲಿ ಒದ್ದೆ. ಈಗ ಯಾರ ಜೊತೆ ಮನೆ ನೋಡಲು ಹೋದರೂ ನಾನು ಮೊದಲು ಕಪಾಟಿನ ಬಾಗಿಲು ತೆಗೆದು ಮೂಸಿ ನೋಡುತ್ತೇನೆ. ಹಳೇ ಪಸೆಯ ವಾಸನೆ ಪೇಂಟ್ ಹೊಡೆದರೂ ಹೋಗುವುದಿಲ್ಲ. ಕಿಟಕಿಯ ಮೂಲೆಯಲ್ಲಿ, ನೆಲದ ಹತ್ತಿರ ಪೇಂಟ್ ಗುಳ್ಳೆ ಎದ್ದಿದೆಯಾ ನೋಡಿ. ಕಿಟಕಿಗಳ ಮೇಲೆ ಸಜ್ಜಾ ಅಗಲ ಇದೆಯಾ ನೋಡಿ. ಟೆರೇಸಿಗೆ ಶೀಟ್ ಹಾಕಿದ್ದಾರಾ ಅಂತಲೂ ಹತ್ತಿ ನೋಡಿ. ಶೀಟ್ ಇದ್ದರೆ ಮೇಲಿನ ಮಹಡಿ ಸೋರುವುದು ಕಡಿಮೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಜಾಗ ಆಗುತ್ತದೆ. ಇದು ಸಣ್ಣ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಜೀನ್ಸ್ ಒಣಗಲು ಮೂರು ದಿನ ಬೇಕಾಗುತ್ತದೆ.

ಏರಿಯಾ ನಿಮ್ಮ ಆಫೀಸ್ ಎಲ್ಲಿ ಅನ್ನುವುದರ ಮೇಲೆ ನಿಂತಿದೆ. ಒಂದೇ ಮಾತು, ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತಮುತ್ತ ತಗ್ಗಿನ ಜಾಗಗಳಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ. ಅಲ್ಲಿ ನೋಡುವುದಾದರೆ ಗ್ರೌಂಡ್ ಫ್ಲೋರ್ ಬೇಡ.

ದುಡ್ಡಿನ ವಿಷಯ. ನನ್ನದು ತಿಂಗಳಿಗೆ 9 ಸಾವಿರ ಬಾಡಿಗೆ, 50 ಸಾವಿರ ಅಡ್ವಾನ್ಸ್. ಅಪ್ಪ ಅರ್ಧ ಕೊಟ್ಟರು. ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ, ಯಾಕೆಂದರೆ ಒಂದು ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಅದರಲ್ಲೇ ಬರೆಸಿ. ನನ್ನ ಗೆಳತಿಯೊಬ್ಬಳಿಗೆ ಬಾಯಿಮಾತಲ್ಲಿ ಏನೂ ಹಿಡಿಯುವುದಿಲ್ಲ ಅಂದವರು, ಕೊನೆಗೆ ಎರಡು ತಿಂಗಳ ಬಾಡಿಗೆ ಹಿಡಿದರು. ಮಳೆಗೆ ಹಾಳಾದ ಗೋಡೆಗೆ ಬಾಡಿಗೆಯವರು ಯಾಕೆ ದುಡ್ಡು ಕೊಡಬೇಕು? ಕೀ ಕೈಗೆ ಬಂದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ತಾರೀಕು ಅದರಲ್ಲೇ ಇರುತ್ತದೆ.

ಕರೆಂಟಿಗೆ ಮೆಸ್ಕಾಂ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಆದರೆ ನಿಮಗಿಂತ ಮೊದಲು ಇದ್ದವರ ಆಧಾರ್ ಆ ಮೀಟರಿನ ಆರ್‌ಆರ್ ನಂಬರಿಗೆ ಇನ್ನೂ ಲಿಂಕ್ ಆಗಿರಬಹುದು. ಅದನ್ನು ತೆಗೆಸಿ ನಿಮ್ಮದು ಹಾಕಿಸಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಗೀಸರ್ ಮೇಲೆ ಕಣ್ಣಿರಲಿ. ಗ್ಯಾಸ್‌ಗೆ ಮೊದಲು 5 ಕೆ.ಜಿ. ಸಣ್ಣ ಸಿಲಿಂಡರ್ ಸಾಕು. ಗುರುತಿನ ಚೀಟಿ ಇದ್ದರೆ ಕೊಡುತ್ತಾರೆ, ವಿಳಾಸದ ದಾಖಲೆ ಬೇಡ. ಕುಚ್ಚಲಕ್ಕಿ ಬೇಯಿಸುವ ಆಸೆ ಇದ್ದರೆ ಒಂದು ಥರ್ಮಲ್ ಕುಕ್ಕರ್ ತಗೊಳ್ಳಿ. ಒಲೆ ಮೇಲೆ ಒಂದು ಕುದಿ ಬರಿಸಿ ಡಬ್ಬಿಯೊಳಗಿಟ್ಟು ಮುಚ್ಚಿದರೆ ತಾನೇ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಸಾಮಾನು ಮೊದಲೇ ರಾಶಿ ಹಾಕಬೇಡಿ. ಹಾಸಿಗೆ, ಎರಡು ಬಕೆಟ್, ಒಂದು ಕುಕ್ಕರ್, ಬಟ್ಟೆಗೆ ಹಗ್ಗ, ಇಷ್ಟರಲ್ಲಿ ನನ್ನ ಮೊದಲ ತಿಂಗಳು ಕಳೆಯಿತು.

ನೀವು ಕೇಳದ ಒಂದು ವಿಷಯ ಹೇಳಲಾ? ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಯಾರಾದರೂ ಬಾಗಿಲು ತಟ್ಟುತ್ತಿದ್ದರು, ಅಲ್ವಾ? ಫ್ಲಾಟ್‌ನಲ್ಲಿ ಆ ಸದ್ದು ಇರುವುದಿಲ್ಲ. ಮೊದಲ ವಾರ ನನಗೆ ನಿದ್ದೆಯೇ ಬರಲಿಲ್ಲ. ಅಮ್ಮ ಬಂದು ಹಾಲು ಉಕ್ಕಿಸಿ ಹೋಗಿದ್ದರು. ಅವರು ಬಸ್ ಹತ್ತಿದ ಮೇಲೆ ಆ ಪಾತ್ರೆ ತೊಳೆಯಲೂ ಮನಸ್ಸಾಗಲಿಲ್ಲ. ಉಳಿದ ಹಾಲಿಗೆ ಸಕ್ಕರೆ ಹಾಕಿ ಕೆಳಗಿನ ಮನೆಗೆ ತಗೊಂಡು ಹೋದೆ. ಆಂಟಿ ತುಳುವಿನಲ್ಲಿ "ವಣಸ್ ಆಂಡಾ?" ಅಂದರು. ಊಟ ಆಯ್ತಾ ಅಂತ. ಆಗಿರಲಿಲ್ಲ. ಆ ರಾತ್ರಿ ಅಲ್ಲೇ ಗಂಜಿ, ಉಪ್ಪಿನಕಾಯಿ ಉಂಡೆ. ನೀವೂ ಮೊದಲ ದಿನವೇ ಅಕ್ಕಪಕ್ಕದ ಎರಡು ಬಾಗಿಲು ತಟ್ಟಿ, ಹೆಸರು ಹೇಳಿ ಬನ್ನಿ.

ಮತ್ತೆ ಸರ್ಟಿಫಿಕೇಟ್‌ಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒಳಗಿನ ಗೋಡೆಯ ಕಡೆ ಇಡಿ. ಜೂನ್ ಬರುವ ಮೊದಲೇ.