ಬಟ್ಟಲಿಗೆ ಬಿದ್ದ ತುಂಡು

ಇವರನ್ನು ಸುಮಾ ಅಂತ ಕರೆಯೋಣ. ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು 26, ಕುಮಟಾ ಕಡೆಯವರು. ಚೀನಾದ ಚೆಂಗ್ಡುವಿನಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ನನ್ನ ಜೊತೆ ಆಪ್ತಸಮಾಲೋಚನೆ, ವಿಡಿಯೋ ಕಾಲ್‌ನಲ್ಲಿ ಮಾತು. ಇಲ್ಲಿ ಸಂಜೆ 7:30 ಆದರೆ ಅಲ್ಲಿ ರಾತ್ರಿ 10.

"ಇಲ್ಲಿಯ ಊಟ ಸೇರ್ತಿಲ್ಲ" ಎಂದು ಶುರು ಮಾಡಿದರು. ನಾಲ್ಕು ತಿಂಗಳಿಂದ ರೂಮಿನಲ್ಲೇ ಬ್ರೆಡ್ಡು, ಬಾಳೆಹಣ್ಣು. 6 ಕೆಜಿ ಇಳಿದಿದ್ದರು. ಮೊದಲು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದೆ. ರಕ್ತ ಸ್ವಲ್ಪ ಕಡಿಮೆ ಇತ್ತು, ಬೇರೇನೂ ಇರಲಿಲ್ಲ.

ಎರಡನೇ ಸಲ ಒಳಗಿನ ಮಾತು ಹೊರಬಂತು. ಲ್ಯಾಬಿನವರ ಮೊದಲ ಔತಣ. ಗೈಡ್ ತಾವೇ ಚಾಪ್‌ಸ್ಟಿಕ್‌ನಲ್ಲಿ ಒಂದು ತುಂಡು ಎತ್ತಿ ಇವರ ಬಟ್ಟಲಿಗೆ ಹಾಕಿದರು. ಎಲ್ಲರೂ ನೋಡುತ್ತಿದ್ದರು. ತಿಂದರು. ಹಂದಿಮಾಂಸ ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಮೀನು, ಕೋಳಿ ನಡೆಯುತ್ತೆ. ಹಂದಿ, ದನ ಇಲ್ಲ. ಬಾತ್‌ರೂಮಿಗೆ ಹೋಗಿ ಅತ್ತರು. ಅಮ್ಮನಿಗೆ ಹೇಳಿರಲಿಲ್ಲ. ಆ ಭಾರ ಹೊತ್ತುಕೊಂಡೇ ಇಷ್ಟು ದಿನ ಹಸಿದಿದ್ದರು.

ನಾನು ಹೇಳಿದ್ದು ಇಷ್ಟು. ಗೊತ್ತಿಲ್ಲದೆ ತಿಂದದ್ದಕ್ಕೆ ನಿಮ್ಮ ಹೊಟ್ಟೆಗೆ ಶಿಕ್ಷೆ ಬೇಡ. ಗೈಡ್ ಮಾಡಿದ್ದು ಉಪಚಾರ. ನಮ್ಮಲ್ಲೂ ಸಾಕು ಸಾಕು ಅಂದರೂ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತೆ, ಅಲ್ವಾ? ಊಟಕ್ಕೆ ಕೂತ ಮೇಲೆ ಬೇಡ ಅನ್ನೋದು ಕಷ್ಟ. ಹಿಂದಿನ ದಿನವೇ ಒಬ್ಬರಿಗೆ ಹೇಳಿಡಿ: "ವೊ ಬು ಚಿ ಝೂ ರೋ", ನಾನು ಹಂದಿ ತಿನ್ನಲ್ಲ. ಅಲ್ಲಿ ಬರೀ "ರೋ", ಅಂದರೆ ಮಾಂಸ, ಅಂದರೂ ಸಾಮಾನ್ಯವಾಗಿ ಹಂದಿಮಾಂಸವೇ. ಮಾಪೋ ತೋಫು ಅನ್ನುವ ಖಾರದ ಸೋಯಾ ಪನೀರ್ ಅಡುಗೆಯಲ್ಲೂ ಹೆಚ್ಚಾಗಿ ಕೊಚ್ಚಿದ ಮಾಂಸ ಇರುತ್ತೆ, ಕೇಳಿಯೇ ತಿನ್ನಿ.

ಯಾರಿಗೆ ಹೇಳೋದು ಅಂದರು. ಲ್ಯಾಬಿನ ಹುಡುಗಿಯೊಬ್ಬಳು ದಿನಾ "ಚಿ ಲ ಮಾ?" ಅಂತ ಕೇಳುತ್ತಿದ್ದಳು. ಊಟ ಆಯ್ತಾ ಅಂತ. ನನ್ನ ಮೇಲೆ ಕಣ್ಣಿಟ್ಟಿದ್ದಾಳೆ ಅಂತ ಸುಮಾ ತಿಳಿದಿದ್ದರು. ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕವರೂ ಅದನ್ನೇ ಕೇಳುತ್ತಾರಲ್ಲ, ಅವಳಿಗೇ ಹೇಳಿ ಎಂದೆ.

ಮೂರನೇ ಸಲ ಮಾತು ಹ್ವಾಜ್ಯಾವ್ ಕಡೆ ಹೋಯಿತು. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದವರು ಮೆಣಸಿನಕಾಯಿ ಜೊತೆ ಹಾಕುವ ಕಾಳು, ನಾಲಿಗೆ ಜುಂ ಅನ್ನುತ್ತೆ. ಅದೇ ಜಾಸ್ತಿ ಹಿಂಸೆ ಅಂದರು. ಅಂಗೈ ಮೇಲೆ ನಾಲ್ಕು ಕಾಳು ಇಟ್ಟು ಕ್ಯಾಮೆರಾಕ್ಕೆ ಹಿಡಿದರು. ಕೆಂಪುಗಂದು ಸಿಪ್ಪೆ, ಬಾಯಿ ಬಿಟ್ಟಿತ್ತು. ಮೂಸಿ ನೋಡಿ ಎಂದೆ. ಮೂಸಿದರು. ತುಂಬ ಹೊತ್ತು ಮಾತಿಲ್ಲ. "ಅಜ್ಜಿ ಬಂಗಡೆ ಸಾರಿಗೆ ಹಾಕ್ತಾರಲ್ಲ, ಜುಮ್ಮನಕಾಯಿ. ಹತ್ತಿರ ಹತ್ತಿರ ಅದೇ ವಾಸನೆ." ಕೊಂಕಣಿ ಮನೆಗಳಲ್ಲಿ ತೆಪ್ಪಲ ಅನ್ನುವುದು ಅದನ್ನೇ. ಹ್ವಾಜ್ಯಾವ್, ಜುಮ್ಮನಕಾಯಿ ಎರಡೂ ಒಂದೇ ಕುಲದ ಗಿಡಗಳು. ನನ್ನ ಯಾವ ಸಲಹೆಗಿಂತಲೂ ಆ ನಾಲ್ಕು ಕಾಳು ಹೆಚ್ಚು ಕೆಲಸ ಮಾಡಿತು ಅನಿಸುತ್ತೆ. ಆ ವಾರವೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಅಮ್ಮ ಬೈಯಲಿಲ್ಲ. "ಈಗಾದ್ರೂ ಹೊಟ್ಟೆ ತುಂಬ ಉಣ್ಣು" ಅಂದರಂತೆ.

ಕಳೆದ ತಿಂಗಳು ಲ್ಯಾಬಿನವರ ಜೊತೆ ಹಾಟ್‌ಪಾಟ್ ತಿನ್ನಲು ಹೋಗಿದ್ದರು, ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ. ಸಿಚುವಾನಿನ ಕೆಂಪು ಹಾಟ್‌ಪಾಟಿಗೆ ಹೆಚ್ಚಾಗಿ ದನದ ಕೊಬ್ಬು ಹಾಕುತ್ತಾರೆ. ಆ ಹುಡುಗಿ ಮೊದಲೇ ಹೋಟೆಲಿಗೆ ಫೋನ್ ಮಾಡಿ, ಅಡುಗೆ ಎಣ್ಣೆಯ "ಚಿಂಗ್ ಯೋ" ಪಾತ್ರೆ ಬೇಕು ಅಂದಿದ್ದಳಂತೆ. ಸುಮಾ ಅದರಲ್ಲಿ ಮೀನಿನ ಹೋಳು ಬೇಯಿಸಿ ತಿಂದರು.

ತೂಕ 2 ಕೆಜಿ ಏರಿದೆ. ರೂಮಿನಲ್ಲಿ ಒಬ್ಬರೇ ಬ್ರೆಡ್ ತಿನ್ನುವ ದಿನಗಳು ಈಗಲೂ ಇವೆ, ಅದಕ್ಕೆ ನಾನು ಬೇಡ ಅಂದಿಲ್ಲ. ತಿಂಗಳಿಗೊಮ್ಮೆ ಮಾತಾಡುತ್ತಿದ್ದೇವೆ.